1940ರ ಫೋರ್ಡ್‌ಗೆ ಮುಂದಿನ ಸ್ಪ್ರಿಂಗ್: 350 ಪೌಂಡಿನದು ಸಾಕಾ, 375 ಬೇಕಾ, ಇಲ್ಲ ಇರೋದನ್ನೇ ಒಂದು ಸುತ್ತು ಕತ್ತರಿಸಲಾ?

ತೇರಿನ ಮನೆ
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಮೂರು ವರ್ಷದಿಂದ ಗ್ಯಾರೇಜ್‌ನಲ್ಲಿ 1940ರ ಫೋರ್ಡ್ ಕೂಪೆಯೊಂದನ್ನು ಸ್ಟ್ರೀಟ್ ರಾಡ್ (ಹಳೇ ಬಾಡಿಯೊಳಗೆ ಬೇಕಾದ ಯಂತ್ರ ತುಂಬಿದ ಗಾಡಿ) ಮಾಡುತ್ತಾ ಕೂತಿದ್ದೇನೆ. ಮನೆಯಲ್ಲಿ ಅದಕ್ಕೆ ‘ತೇರು’ ಅಂತ ಹೆಸರು. ವರ್ಷಕ್ಕೊಂದು ಸಲ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತದೆ ಅಂತ.

ನನಗೆ ಮಾರಿದವರು ಅದಕ್ಕೆ ಮುಂದೆ ಮಸ್ಟಾಂಗ್ 2 (1970ರ ದಶಕದ ಫೋರ್ಡ್ ಕಾರು) ಮಾದರಿಯ ಅಡ್ಡ ತೊಲೆ, ಅಂದರೆ ಕ್ರಾಸ್‌ಮೆಂಬರ್ ಆಗಲೇ ಬೆಸುಗೆ ಹಾಕಿಸಿದ್ದರು. ಕಾಯಿಲ್ ಸ್ಪ್ರಿಂಗ್, ಮೇಲೆ ಕೆಳಗೆ ಆರ್ಮ್, ರ‍್ಯಾಕ್ ಸ್ಟೀರಿಂಗ್. ಸ್ಪ್ರಿಂಗ್ ಎಷ್ಟು ಪೌಂಡಿನದು ಅಂತ ಅವರಿಗೂ ಗೊತ್ತಿರಲಿಲ್ಲ, ಚೀಟಿಯೂ ಇಲ್ಲ. ನಾನು ಹಾಕಿರುವುದು ಷೆವರ್ಲೆ 350 ಸ್ಮಾಲ್ ಬ್ಲಾಕ್ ಎಂಜಿನ್ (ಈ 350 ಎಂಜಿನ್ ಅಳತೆ, ಕ್ಯೂಬಿಕ್ ಇಂಚಿನಲ್ಲಿ), ಅಲ್ಯೂಮಿನಿಯಂ ಹೆಡ್.

ಕಷ್ಟ ಏನೆಂದರೆ ಮೂತಿ ಮೇಲೆತ್ತಿಕೊಂಡು ನಿಂತಿದೆ, ದೋಣಿ ಥರ. ಲೋಯರ್ ಆರ್ಮ್ ನೆಲಕ್ಕೆ ಸಮನಾಗಿಲ್ಲ. ಚಕ್ರದ ಕಡೆಯ ಕೀಲು, ಅಂದರೆ ಬಾಲ್ ಜಾಯಿಂಟ್ ತುದಿ, ಚಾಸಿ ಕಡೆಯ ಒಳಗಿನ ಪಿವಟ್‌ಗಿಂತ 1¾ ಇಂಚು ಕೆಳಗಿದೆ. ಚಾಸಿ ತುದಿಯ ಮೇಲೆ ನಾನೇ ಹತ್ತಿ ಕುಣಿದೆ. ಬಗ್ಗಲೇ ಇಲ್ಲ ಅನ್ನಬೇಕು.

ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿದರೆ ‘ಯಾವ ಎಂಜಿನ್?’ ಅಂತ ಒಂದೇ ಪ್ರಶ್ನೆ ಕೇಳಿ ‘350 ಪೌಂಡಿನ ಸ್ಪ್ರಿಂಗ್ ತಗೊಳ್ಳಿ’ ಅಂದರು. ಇನ್ನೊಬ್ಬರು ಎಸಿ ಇದ್ದರೆ 375 ಅಂದರು. ಪಕ್ಕದ ಮನೆಯವನು ಗ್ರೈಂಡರ್ ಹಿಡಿದುಕೊಂಡೇ ಬಂದ, ಒಂದು ಸುತ್ತು ಕತ್ತರಿಸಿದರೆ ಎಲ್ಲ ಸರಿಹೋಗುತ್ತದಂತೆ. ಯಾರ ಮಾತು ಕೇಳಲಿ?

ಪಾನಾ ನಂಬರ್ 14
ಮೊದಲು ಗ್ರೈಂಡರ್‌ನವರಿಗೆ ಒಂದು ಕಾಫಿ ಕೊಟ್ಟು ಮನೆಗೆ ಕಳಿಸಿ.

ಆಮೇಲೆ ಒಂದು ಪ್ರಶ್ನೆ. ಗಾಡಿ ಪೂರ್ತಿ ಆಗಿದೆಯಾ? ಮಡ್‌ಗಾರ್ಡ್, ಬಾನೆಟ್, ಗ್ರಿಲ್, ರೇಡಿಯೇಟರ್‌ಗೆ ನೀರು, ಬ್ಯಾಟರಿ ಎಲ್ಲ ಇದೆಯಾ?

ತೇರಿನ ಮನೆ
ಎಂಜಿನ್, ಗೇರ್‌ಬಾಕ್ಸ್, ಬಾಡಿ ಕೂತಿದೆ. ಮುಂದಿನ ಮಡ್‌ಗಾರ್ಡ್ ಎರಡೂ, ಬಾನೆಟ್ಟೂ ಗೋಡೆಗೆ ನೇತುಹಾಕಿದ್ದೇನೆ. ರೇಡಿಯೇಟರ್ ಇನ್ನೂ ಡಬ್ಬದಲ್ಲಿದೆ. ಬ್ಯಾಟರಿ ಬೆಂಚಿನ ಮೇಲೆ.

ಪಾನಾ ನಂಬರ್ 14
ಅಲ್ಲ ಸ್ವಾಮಿ, ಅರ್ಧ ಭಾರ ಗೋಡೆ ಮೇಲಿದ್ದರೆ ಸ್ಪ್ರಿಂಗ್ ಹೇಗೆ ಬಗ್ಗಬೇಕು? 1940ರ ತಗಡು ಈಗಿನ ತಗಡಲ್ಲ, ಒಬ್ಬರೇ ಎತ್ತಿದರೆ ಸೊಂಟ ಮಾತಾಡುತ್ತದೆ. ಎಲ್ಲ ಹಾಕಿ. ಹಾಕೋಕೆ ಆಗದಿದ್ದರೆ ಬಾತ್‌ರೂಮ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಅಷ್ಟೇ ತೂಕದ ಮರಳು ಚೀಲ ಅದೇ ಜಾಗದಲ್ಲಿ ಇಡಿ. ಡ್ರೈವರ್ ಸೀಟಿನಲ್ಲಿ ನೀವು ಕೂತಿರಿ, ಇನ್ನೊಬ್ಬರು ಅಳೆಯಲಿ. ಆಮೇಲೆ ಮಾತಾಡೋಣ.

ಡ್ಯೂಸ್ ಅಜ್ಜ
ನಾನು ಒಹಾಯೋದವನು, ಹುಟ್ಟಿದ್ದು ತುಮಕೂರು. ನನ್ನದು 1932ರ ಫೋರ್ಡ್. ಇಲ್ಲಿನವರು ಆ 2ಕ್ಕೋಸ್ಕರ ಇದಕ್ಕೆ ‘ಡ್ಯೂಸ್’ ಅನ್ನುತ್ತಾರೆ. ಇಸ್ಪೀಟಿನ ಎರಡು. ಹೇಳಬಾರದು, ಆದರೂ ಹೇಳುತ್ತೇನೆ. ಆ ಮಸ್ಟಾಂಗ್ 2 ಮಾಲನ್ನು ಹಳೇ ಫೋರ್ಡ್‌ಗೆ ಯಾಕೆ ಹಾಕುತ್ತೀರೋ ನನಗೆ ಅರ್ಥವಾಗಿಲ್ಲ. 1948ರವರೆಗೂ ಫೋರ್ಡ್ ಕಾರಿಗೆ ಮುಂದೆ ಒಂದೇ ಕಮಾನು ಪಟ್ಟಿ (ಉಕ್ಕಿನ ಎಸಳುಗಳ ಕಟ್ಟು), ಅದೂ ಅಡ್ಡ. ಕೆಳಗೆ ಗಟ್ಟಿ ಆಕ್ಸಲ್. ನೋಡೋಕೂ ಚಂದ.

ನಿಮ್ಮ ಕಷ್ಟ ನನಗೂ ಬಂದಿತ್ತು. ಹೊಸ ಪಟ್ಟಿ ಕಟ್ಟಿಸಿದಾಗ ಮೂತಿ ಎತ್ತರವಾಗಿ ನಿಂತಿತ್ತು. ಒಂದು ಎಸಳು ತೆಗೆದೆ, ಸ್ವಲ್ಪ ಇಳಿಯಿತು. ಇನ್ನೊಂದು ತೆಗೆದೆ, ಚೆನ್ನಾಗೇ ಕೂತಿತು. ಆಮೇಲೆ ನೋಡಿದರೆ ಹಳ್ಳ ಬಂದಾಗಲೆಲ್ಲ ಆಕ್ಸಲ್ ಬಂದು ಚಾಸಿಗೆ ಹೊಡೆಯುತ್ತಿತ್ತು. ಒಂದನ್ನು ವಾಪಸ್ ಸೇರಿಸಿ, ಕಣ್ಣು ತಿರುಗಿಸಿದ ಮುಖ್ಯ ಎಸಳು ಹಾಕಿಸಿದೆ. ಎತ್ತರ ಇಳಿಯಿತು, ಮೆತ್ತಗಾಗಲಿಲ್ಲ. ಎತ್ತರ ಬೇರೆ, ಗಡಸು ಬೇರೆ. ಅದು ತಲೆಗೆ ಹೋಗೋಕೆ ಒಂದು ಬೇಸಿಗೆ ಬೇಕಾಯಿತು.

ಅಂಬಿ ಮೈಸೂರು
ಅಜ್ಜ, ‘ಕಣ್ಣು ತಿರುಗಿಸಿದ’ ಅಂದ್ರೆ ಏನು? ಕಣ್ಣು ಬಿಟ್ಟಿದ್ದು ಕೇಳಿದ್ದೇನೆ, ತಿರುಗಿಸಿದ್ದು ಕೇಳಿಲ್ಲ.

ಡ್ಯೂಸ್ ಅಜ್ಜ
ಹ್ಹ ಹ್ಹ. ಪಟ್ಟಿಯ ಎರಡು ತುದಿಯಲ್ಲಿ ಶ್ಯಾಕಲ್ (ಪಟ್ಟಿಯನ್ನು ಆಕ್ಸಲ್‌ಗೆ ಜೋಡಿಸುವ ತೂಗು ಕೊಂಡಿ) ಹಾಕೋಕೆ ಸುರುಳಿ ಇರುತ್ತಲ್ಲ, ಅದೇ ಕಣ್ಣು. ಅದನ್ನು ಒಂದು ದಿಕ್ಕಿಗೆ ಸುತ್ತಿರುತ್ತಾರೆ. ಅದರ ವಿರುದ್ಧ ದಿಕ್ಕಿಗೆ ಸುತ್ತಿದರೆ ಪಟ್ಟಿ ಅಷ್ಟೇ ಇದ್ದರೂ ಗಾಡಿ ಒಂದು ಇಂಚಿನಷ್ಟು ಕೆಳಗೆ ಬರುತ್ತದೆ. ಎಸಳು ಕಿತ್ತುಹಾಕುವುದಕ್ಕಿಂತ ಎಷ್ಟೋ ಮೇಲು.

ಇನ್ನೊಂದು. ಶ್ಯಾಕಲ್ ಸುಮಾರು 45 ಡಿಗ್ರಿಗೆ ವಾಲಿರಬೇಕು. ನೇರ ನಿಂತರೂ ಮಲಗಿಬಿಟ್ಟರೂ ಸ್ಪ್ರಿಂಗ್ ಕೆಲಸ ಮಾಡುವುದಿಲ್ಲ. ಆಕ್ಸಲ್ ಗಾಡಿಯವರು ಸ್ಪ್ರಿಂಗ್ ಬಯ್ಯುವ ಮೊದಲು ಶ್ಯಾಕಲ್ ನೋಡಿ.

ತೇರಿನ ಮನೆ
ಅಜ್ಜ, ಈಗ ಆಕ್ಸಲ್‌ಗೆ ವಾಪಸ್ ಹೋಗುವ ದಾರಿ ಇಲ್ಲ. ಹಳೇ ಕ್ರಾಸ್‌ಮೆಂಬರ್ ಕತ್ತರಿಸಿ ಬಿಸಾಡಿದ್ದಾರೆ. ಇರುವುದರಲ್ಲೇ ಸಂಸಾರ.

ಕುಲುಕಾಟ
ಡೆಟ್ರಾಯಿಟ್ ಹತ್ತಿರ ಸಸ್ಪೆನ್ಷನ್ ಕೆಲಸದಲ್ಲೇ ಹೊಟ್ಟೆ ಹೊರೆಯುವವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಅಂಗಡಿಯವರು ಎಂಜಿನ್ ಕೇಳಿದ್ದು ತಪ್ಪಲ್ಲ. ಆದರೆ ಸ್ಪ್ರಿಂಗ್‌ಗೆ ಎಂಜಿನ್ ಹೆಸರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಭಾರ ಮಾತ್ರ. ಅದೇ 350 ಸ್ಮಾಲ್ ಬ್ಲಾಕ್ ಎರಕದ ಕಬ್ಬಿಣದ ಹೆಡ್‌ನಲ್ಲಿ ಒಂದು ತೂಕ, ಅಲ್ಯೂಮಿನಿಯಂನಲ್ಲಿ ಇನ್ನೊಂದು. ಬ್ಯಾಟರಿ ಮುಂದಿದ್ದರೆ ಒಂದು, ಡಿಕ್ಕಿಯಲ್ಲಿದ್ದರೆ ಇನ್ನೊಂದು. ಅದಕ್ಕೇ ನನಗೆ ಬೇಕಾದದ್ದು ಮೂರು ಅಳತೆ. ಒಂದೊಂದು ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಕೂತಿದೆ. ಲೋಯರ್ ಆರ್ಮ್‌ನಲ್ಲಿ ಪಿವಟ್‌ನಿಂದ ಸ್ಪ್ರಿಂಗ್ ನಡುವಿಗೆ ಎಷ್ಟು, ಬಾಲ್ ಜಾಯಿಂಟ್‌ಗೆ ಎಷ್ಟು. ಮತ್ತೆ ಈಗಿರುವ ಸ್ಪ್ರಿಂಗ್‌ನ ತಂತಿ ದಪ್ಪ, ಹೊರ ಅಗಲ, ಸುತ್ತು ಎಷ್ಟು.

ಆರ್ಮ್ ಅಳತೆ ಯಾಕೆ? ಏತದ ಲೆಕ್ಕ. ಸ್ಪ್ರಿಂಗ್ ಕೂತಿರುವುದು ಚಕ್ರದ ಮೇಲಲ್ಲ, ಆರ್ಮ್‌ನ ನಡುವೆ. ಚಕ್ರ ಒಂದು ಇಂಚು ಎದ್ದರೆ ಸ್ಪ್ರಿಂಗ್ ಅರ್ಧ ಇಂಚು ಚಿಲ್ಲರೆ ಅಷ್ಟೇ ಕುಗ್ಗುತ್ತದೆ. ಅಲ್ಲಿಗೆ ಒಂದು ಸಲ ಕಡಿಮೆಯಾಯಿತು. ಆ ಸ್ಪ್ರಿಂಗ್ ತಳ್ಳುವ ಬಲವೂ ಚಕ್ರಕ್ಕೆ ಬರುವಾಗ ಅದೇ ಪಾಲಿನಲ್ಲಿ ಕಡಿಮೆ. ಅಲ್ಲಿಗೆ ಎರಡನೇ ಸಲ. ಹಾಗಾಗಿ ಆ ಪಾಲನ್ನು ಅದರಿಂದಲೇ ಇನ್ನೊಂದು ಸಲ ಗುಣಿಸಬೇಕು. ಮಸ್ಟಾಂಗ್ 2 ಮಾದರಿಯಲ್ಲಿ 350 ಪೌಂಡಿನ ಸ್ಪ್ರಿಂಗ್ ಚಕ್ರದ ಹತ್ತಿರ ಬರುವ ಹೊತ್ತಿಗೆ ಸುಮಾರು 110 ಪೌಂಡ್ ಆಗಿರುತ್ತದೆ. ‘350 ಗಡಸಾ?’ ಅಂತ ಬರೀ ನಂಬರ್ ಇಟ್ಟುಕೊಂಡು ಜಗಳ ಆಡುವುದು ಅದಕ್ಕೇ ದಂಡ.

ಅಂಬಿ ಮೈಸೂರು
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. 350 ಪೌಂಡಿನ ಸ್ಪ್ರಿಂಗ್ ಅಂದ್ರೆ ಅದರ ತೂಕವಾ? ನನ್ನದು ಅಂಬಾಸಿಡರ್. ಅದಕ್ಕೆ ಮುಂದೆ ಸ್ಪ್ರಿಂಗೇ ಇಲ್ಲ, ಉದ್ದಕ್ಕೆ ಮಲಗಿರುವ ಟಾರ್ಷನ್ ಬಾರ್, ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು. ಮೂತಿ ಇಳಿದರೆ ಹಿಂದಿನ ಲಿವರ್ ಹತ್ತಿರ ಸರಿಮಾಡಿದರೆ ಮುಗಿಯಿತು.

ಕುಲುಕಾಟ
ತೂಕ ಅಲ್ಲ ಅಂಬಿಯವರೇ. 350 ಪೌಂಡ್ ಅಂದರೆ 159 ಕಿಲೋ. ಹತ್ತಿರ ಹತ್ತಿರ ಮೂರು ಮೂಟೆ ಸಿಮೆಂಟ್. ಆ ಸ್ಪ್ರಿಂಗ್ ನಿಲ್ಲಿಸಿ ಮೇಲೆ ಮೂರು ಮೂಟೆ ಇಟ್ಟರೆ ಒಂದು ಇಂಚು ಕುಗ್ಗುತ್ತದೆ. ಆರು ಮೂಟೆಗೆ ಎರಡು ಇಂಚು. ಅದೇ ಸ್ಪ್ರಿಂಗ್ ರೇಟ್. ನಿಮ್ಮ ಟಾರ್ಷನ್ ಬಾರ್‌ಗೂ ರೇಟ್ ಇದೆ. ಕಾಯಿಲ್ ಸ್ಪ್ರಿಂಗ್ ಅಂದರೆ ಸುತ್ತಿಟ್ಟ ಟಾರ್ಷನ್ ಬಾರೇ, ಒತ್ತಿದಾಗ ಅದರ ತಂತಿ ಒಳಗೊಳಗೇ ತಿರುಚುತ್ತದೆ.

ಕುಡ್ಲ ಗ್ಯಾರೇಜ್
ಇಷ್ಟೆಲ್ಲ ಲೆಕ್ಕ ಎಂತಕ್ಕೆ ಮಾರಾಯ್ರೇ? ಕಾಯಿಲ್‌ಓವರ್ ಹಾಕಿ ಬಿಡಿ, ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಕೂತಿರುವುದು. ಎತ್ತರ ಬೇಕಾದರೆ ಕಾಲರ್ ತಿರುಗಿಸಿ, ಬೇಡವಾದರೆ ಇಳಿಸಿ. ಗಂಡಾಗುಂಡಿ ಇಲ್ಲ.

ಕುಲುಕಾಟ
ಕಾಲರ್ ತಿರುಗಿಸಿದರೆ ಎತ್ತರ ಬದಲಾಗುತ್ತದೆ, ಗಡಸು ಬದಲಾಗುವುದಿಲ್ಲ. ತಪ್ಪು ಸ್ಪ್ರಿಂಗ್ ಹಾಕಿದ ಕಾಯಿಲ್‌ಓವರ್ ಅಂದರೆ ಸರಿಯಾದ ಎತ್ತರದಲ್ಲಿ ನಿಂತ ತಪ್ಪು ಗಾಡಿ. ಜೊತೆಗೆ ಕಾಯಿಲ್‌ಓವರ್ ಆರ್ಮ್‌ನ ಬೇರೆ ಜಾಗದಲ್ಲಿ ಕೂರುತ್ತದೆ, ಏತದ ಪಾಲೂ ಬದಲು. ಇಲ್ಲಿನ 350 ಅಲ್ಲಿನ 350 ಅಲ್ಲ. ಹಾಕಬಾರದು ಅಂತ ಅಲ್ಲ, ನನ್ನ ಒಂದು ಗಾಡಿಯಲ್ಲೂ ಅದೇ ಇದೆ. ಲೆಕ್ಕ ಮಾತ್ರ ತಪ್ಪಿದ್ದಲ್ಲ.

ತೇರಿನ ಮನೆ
ಒಂದು ವಾರ ಬಿಟ್ಟು ಬರುತ್ತಿದ್ದೇನೆ. ಮಡ್‌ಗಾರ್ಡ್, ಬಾನೆಟ್, ರೇಡಿಯೇಟರ್, ಬ್ಯಾಟರಿ ಎಲ್ಲ ಅದರದರ ಜಾಗಕ್ಕೆ ಹೋಯಿತು. ನೀರೂ ತುಂಬಿಸಿದೆ. ರೇಸ್ ಓಡಿಸುವ ಸ್ನೇಹಿತನ ಹತ್ತಿರ ನಾಲ್ಕು ಚಕ್ರದ ಕೆಳಗೆ ಇಡುವ ತಕ್ಕಡಿ ಇತ್ತು, ಬೇಡಿ ತಂದೆ. ನಾನು ಸೀಟಿನಲ್ಲಿ ಕೂತು ಮಗಳ ಕೈಯಲ್ಲಿ ಓದಿಸಿದ್ದು: ಮುಂದೆ ಎಡಕ್ಕೆ 740 ಪೌಂಡ್, ಬಲಕ್ಕೆ 728.

ಆರ್ಮ್: ಪಿವಟ್‌ನಿಂದ ಬಾಲ್ ಜಾಯಿಂಟ್‌ಗೆ 12 ಇಂಚು, ಸ್ಪ್ರಿಂಗ್ ನಡುವಿಗೆ 6¾.

ಸ್ಪ್ರಿಂಗ್: ತಂತಿ 0.652 ಇಂಚು, ಹೊರ ಅಗಲ 4.952, ಕೆಲಸ ಮಾಡುವ ಸುತ್ತು 7.

ಬಾಲ್ ಜಾಯಿಂಟ್ ಈಗ 1¾ ಬದಲು 1¼ಕ್ಕಿಂತ ಒಂದು ಕೂದಲು ಹೆಚ್ಚು ಕೆಳಗಿದೆ. ಅಂದರೆ ಸುಮಾರು ಅರ್ಧ ಇಂಚು ಸುಮ್ನೆ ಗೋಡೆ ಮೇಲೆ ನೇತಾಡುತ್ತಿತ್ತು. ಪಾನಾ ಅವರಿಗೆ ಒಂದು ದೊಡ್ಡ ನಮಸ್ಕಾರ.

ಕುಲುಕಾಟ
ಸ್ಪ್ರಿಂಗ್‌ಗೆ ಬಣ್ಣ ಇದೆಯಾ?

ತೇರಿನ ಮನೆ
ಇದೆ. ಕಪ್ಪು ಪೌಡರ್ ಕೋಟ್, ದಪ್ಪಗೆ. ಯಾಕೆ?

ಕುಲುಕಾಟ
ಒಂದು ಕಡೆ ಬ್ಲೇಡಿನಲ್ಲಿ ಕೆರೆದು, ಬರೀ ಉಕ್ಕು ಕಾಣಿಸಿದ ಮೇಲೆ ವರ್ನಿಯರ್ ಇಟ್ಟು ನೋಡಿ. ಎರಡೂ ಬದಿ ಕೆರೆಯಬೇಕು.

ತೇರಿನ ಮನೆ
0.640. ಬರೀ 12 ಥೌ (ಇಂಚಿನ ಸಾವಿರದ ಒಂದು ಭಾಗಕ್ಕೆ ಒಂದು ಥೌ) ವ್ಯತ್ಯಾಸ. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಕುಲುಕಾಟ
ಬೇಕು. ಲೆಕ್ಕ ಹೇಳುತ್ತೇನೆ, ನೀವೇ ಹಾಕಿ ನೋಡಿ. ತಂತಿ ದಪ್ಪವನ್ನು ಬರೆದು, ಅದನ್ನು ಅದರಿಂದಲೇ ಗುಣಿಸುತ್ತಾ ನಾಲ್ಕು ಸಲ ಬರುವಂತೆ ಮಾಡಿ. ಅಂದರೆ 0.640 × 0.640 × 0.640 × 0.640. ಅದಕ್ಕೆ ಉಕ್ಕಿನ ತಿರುಚು ಗುಣ 1,15,00,000 ಗುಣಿಸಿ. ಇದು ಮೇಲಿನ ಸಾಲು. ಕೆಳಗಿನ ಸಾಲಿಗೆ ಸುತ್ತಿನ ಸರಾಸರಿ ಅಗಲ ಬೇಕು. ಹೊರ ಅಗಲದಲ್ಲಿ ಒಂದು ತಂತಿ ದಪ್ಪ ಕಳೆದರೆ ಅದು, ನಿಮ್ಮದು 4.3. ಅದನ್ನು ಮೂರು ಸಲ ಬರುವಂತೆ ಗುಣಿಸಿ, 8ರಿಂದ ಗುಣಿಸಿ, ಸುತ್ತಿನ ಸಂಖ್ಯೆ 7ರಿಂದ ಗುಣಿಸಿ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ.

0.640ಕ್ಕೆ ಬರುವುದು 433 ಪೌಂಡ್. 0.652 ಅಂತ ಇಟ್ಟುಕೊಂಡರೆ 467. ಬರೀ ಬಣ್ಣದಿಂದ 34 ಪೌಂಡ್! ದಪ್ಪ ನಾಲ್ಕು ಸಲ ಗುಣವಾಗುತ್ತದಲ್ಲ, ಅದಕ್ಕೇ. ಅಂಗಡಿಯಲ್ಲಿ 350, 375 ಅಂತ 25ರ ಮೆಟ್ಟಿಲಲ್ಲಿ ಮಾರುತ್ತಾರೆ. ಬಣ್ಣ ಸೇರಿಸಿ ಅಳೆದರೆ ಒಂದು ಮೆಟ್ಟಿಲು ದಾಟಿಯೇ ಬಿಟ್ಟಿರಿ.

433 ಅಂದರೆ ನಿಮ್ಮ ಕಥೆ ಗೊತ್ತಾಯಿತು. ಮಾರಿದವರು ಬಿಗ್ ಬ್ಲಾಕ್, ಅಂದರೆ ಇನ್ನೂ ದೊಡ್ಡ, ಭಾರದ ಎಂಜಿನ್ ಹಾಕುವ ಯೋಚನೆಯಲ್ಲಿದ್ದರು.

ತೇರಿನ ಮನೆ
ಅಯ್ಯೋ. ನಿಜ. ಗಾಡಿ ಜೊತೆ ಬಂದ ಡಬ್ಬದಲ್ಲಿ ಬಿಗ್ ಬ್ಲಾಕ್ ಎಂಜಿನ್ ಮೌಂಟ್ ಇತ್ತು. ಯಾಕಪ್ಪಾ ಅಂದುಕೊಂಡಿದ್ದೆ.

ಸರಿ, ಹಾಗಾದರೆ ಇದನ್ನೇ ಒಂದು ಸುತ್ತು ಕತ್ತರಿಸಿದರೆ?

ಕುಲುಕಾಟ
ಇಳಿಯುತ್ತದೆ. ಇಳಿದು ಇನ್ನೂ ಗಡಸಾಗುತ್ತದೆ. ಲೆಕ್ಕದಲ್ಲಿ 7ರ ಬದಲು 6 ಹಾಕಿ: 505 ಪೌಂಡ್. ಸುತ್ತು ಕಡಿಮೆಯಾದರೆ ತಿರುಚಿಕೊಳ್ಳಲು ತಂತಿ ಕಡಿಮೆ, ಅಷ್ಟೇ. ಕತ್ತರಿಸಿದರೆ ಮೆತ್ತಗಾಗುತ್ತದೆ ಅಂತ ಎಷ್ಟು ಜನ ನಂಬಿದ್ದಾರೋ ಲೆಕ್ಕವಿಲ್ಲ.

ಅಂಬಿ ಮೈಸೂರು
ನಮ್ಮ ಬೀದಿಯಲ್ಲೊಂದು ಪದ್ಮಿನಿ ಇತ್ತು. ಅದಕ್ಕೆ ಮುಂದೆ ಕಾಯಿಲ್ ಸ್ಪ್ರಿಂಗ್. ಹುಡುಗ ಎರಡು ಸುತ್ತು ಹಾರಿಸಿ ನೆಲಕ್ಕೆ ಅಂಟಿಸಿದ. ಹಂಪ್ ಬಂದರೆ ಒಳಗಿದ್ದವರು ಒಟ್ಟಿಗೆ ‘ಉಹ್’ ಅನ್ನುತ್ತಿದ್ದರು. ಅವನು ಹೇಳುತ್ತಿದ್ದದ್ದು, ಸ್ಪೋರ್ಟ್ಸ್ ಕಾರ್ ಫೀಲ್ ಅಂತೆ.

ಹುಬ್ಬಳ್ಳಿ ವೆಲ್ಡರ್
ಕತ್ತರಿಸೋದು ಆಮೇಲೆ, ನಮ್ಮ ಕಡೆ ಕೆಲವರು ಗ್ಯಾಸ್ ಹಿಡಿದು ಕಾಯಿಸಿ ಕೂರಿಸ್ತಾರ್ರೀ. ಕೆಂಪಗಾದ ಕೂಡಲೇ ಸ್ಪ್ರಿಂಗ್ ಕುಸಿದು ಗಾಡಿ ಇಳಿಯುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಜಾಗದಲ್ಲಿ ಉಕ್ಕಿನ ಹದ ಹೋಯಿತು. ಇವತ್ತೊಂದಿಷ್ಟು ಕೂರುತ್ತದೆ, ಮುಂದಿನ ತಿಂಗಳು ಇನ್ನೊಂದಿಷ್ಟು. ಎಡಕ್ಕೊಂದು ಎತ್ತರ, ಬಲಕ್ಕೊಂದು. ಕೊನೆಗೆ ಅಲ್ಲೇ ಮುರಿಯುತ್ತದೆ. ನಾನು ಬೆಸುಗೆಯವನು, ದಿನಾ ಬೆಂಕಿ ಜೊತೆ ಇರುವವನು ಹೇಳ್ತೀನಿ, ಸ್ಪ್ರಿಂಗ್ ಹತ್ತಿರ ಬೆಂಕಿ ಒಯ್ಯಬೇಡ್ರಿ.

ಪಾನಾ ನಂಬರ್ 14
ಕೂಪೆಯವರೇ, ಸ್ಪ್ರಿಂಗ್ ಕೊಳ್ಳುವ ಮೊದಲು ಇನ್ನೊಂದು ಕೆಲಸ ಇದೆ, ದುಡ್ಡಿಲ್ಲದ ಕೆಲಸ. ಆರ್ಮ್‌ನ ಬುಷ್ (ಪಿವಟ್ ಬೋಲ್ಟ್ ಸುತ್ತ ಕೂರುವ ತೋಳು) ರಬ್ಬರಿನದಾ? ಅದರ ಬೋಲ್ಟನ್ನು ಯಾವಾಗ ಬಿಗಿ ಮಾಡಿದ್ದು?

ತೇರಿನ ಮನೆ
ರಬ್ಬರೇ. ಚಾಸಿ ಸ್ಟ್ಯಾಂಡ್ ಮೇಲಿದ್ದಾಗಲೇ ಬಿಗಿ ಮಾಡಿದ್ದೆ. ಚಕ್ರ ನೇತಾಡುತ್ತಿತ್ತು.

ಪಾನಾ ನಂಬರ್ 14
ಅಂದುಕೊಂಡೆ. ರಬ್ಬರ್ ಬುಷ್ ಒಳಗಿನ ತೋಳು ಬಿಗಿಯಾದ ಮೇಲೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳಬೇಕು. ನೇತಾಡುತ್ತಿದ್ದಾಗ ಬಿಗಿ ಮಾಡಿದರೆ ಗಾಡಿ ಇಳಿಸಿದ ಮೇಲೆ ನಾಲ್ಕೂ ಕಡೆಯ ರಬ್ಬರ್ ಆರ್ಮನ್ನು ಕೆಳಗೆ ತಳ್ಳುತ್ತಲೇ ಇರುತ್ತದೆ. ಅಂದರೆ ಮೂತಿ ಮೇಲಕ್ಕೆ. ಜೊತೆಗೆ ಬುಷ್ ಬೇಗ ಹರಿದುಹೋಗುತ್ತದೆ. ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಎಲ್ಲ ಬೋಲ್ಟ್ ಸಡಿಲಿಸಿ, ಮೂತಿ ಹಿಡಿದು ನಾಲ್ಕು ಸಲ ಕುಲುಕಿ, ಅಳೆಯಿರಿ.

ತೇರಿನ ಮನೆ
ಮಾಡಿದೆ. ಮೊದಲನೇ ಬೋಲ್ಟ್ ಸಡಿಲ ಆದಾಗ ‘ಟಕ್’ ಅಂತ ಶಬ್ದ ಬಂತು, ಎದೆ ಝಲ್ ಅಂತು. ನಾಲ್ಕೂ ಸಡಿಲಿಸಿ ಕುಲುಕಿದ ಮೇಲೆ ಬಾಲ್ ಜಾಯಿಂಟ್ 1 ಇಂಚಿಗೂ ಒಂಚೂರು ಕಡಿಮೆ ಕೆಳಗಿದೆ! 1¾ರಿಂದ ಇಲ್ಲಿಗೆ ಬಂದೆ, ಇನ್ನೂ ಒಂದು ಡಾಲರ್ ಖರ್ಚಾಗಿಲ್ಲ.

ಮಿಕ್ಕಿದ್ದು 1 ಇಂಚು.

ಕುಲುಕಾಟ
ಈಗ ಸ್ಪ್ರಿಂಗ್ ಮಾತಾಡಬಹುದು.

ಮುಂದಿನ ಎಡ ಚಕ್ರದ ಮೇಲೆ 740. ಅದರಲ್ಲಿ ಚಕ್ರ, ಬ್ರೇಕ್, ಸ್ಪಿಂಡಲ್, ಅರ್ಧ ಆರ್ಮ್ ಸ್ಪ್ರಿಂಗ್ ಹೊರುವ ಭಾರವಲ್ಲ, ಅವು ನೆಲದ ಮೇಲೇ ಇವೆ. ಅದಕ್ಕೆ 85 ಕಳೆಯೋಣ. ಉಳಿದದ್ದು 655. ಏತದ ಪಾಲು 6¾ ಭಾಗ 12, ಅಂದರೆ 0.5625. ಹಾಗಾಗಿ ಸ್ಪ್ರಿಂಗ್ ಹೊರುತ್ತಿರುವುದು 655 ಭಾಗ 0.5625, ಅಂದರೆ 1,164 ಪೌಂಡ್. ಸ್ಪ್ರಿಂಗ್ ಸ್ವಲ್ಪ ವಾಲಿರುತ್ತದೆ, ಅದನ್ನು ಬಿಟ್ಟುಬಿಟ್ಟಿದ್ದೇನೆ.

433ರ ಸ್ಪ್ರಿಂಗ್ ಆ ಭಾರಕ್ಕೆ 2.69 ಇಂಚು ಕುಗ್ಗುತ್ತದೆ. 350ರದ್ದು 3.33 ಕುಗ್ಗುತ್ತದೆ. ವ್ಯತ್ಯಾಸ 0.64. ಅದನ್ನು ಚಕ್ರಕ್ಕೆ ತಂದರೆ 1.13 ಇಂಚು. ನಿಮಗೆ ಬೇಕಾದದ್ದು 1 ಇಂಚು. ಅಂಗಡಿಯವರು ಕಣ್ಣು ಮುಚ್ಚಿ ಹೇಳಿದ್ದೇ ಸರಿ ಬಂತು, ಏನು ಮಾಡೋದು!

ಆದರೆ ಇದು ನಿಜವಾಗಬೇಕಾದರೆ ಹೊಸ ಸ್ಪ್ರಿಂಗ್‌ನ ಬಿಡಿ ಉದ್ದ ಹಳೆಯದರಷ್ಟೇ ಇರಬೇಕು. ಬಿಡಿ ಉದ್ದ ಅಂದರೆ ಮೇಜಿನ ಮೇಲೆ ಸುಮ್ನೆ ನಿಂತಾಗಿನ ಉದ್ದ. ಅರ್ಧ ಇಂಚು ಉದ್ದ ಜಾಸ್ತಿ ಇದ್ದರೆ ಚಕ್ರದ ಹತ್ತಿರ ಮುಕ್ಕಾಲು ಇಂಚಿಗೂ ಹೆಚ್ಚು ಎತ್ತರ, ನಿಮ್ಮ ಲಾಭವೆಲ್ಲ ನೀರುಪಾಲು. ಫೋನಿನಲ್ಲಿ ರೇಟ್ ಕೇಳಿದವರು ಉದ್ದವನ್ನೂ ಕೇಳಿ. ಉದ್ದ ಹೇಳಲು ಬಾರದ ಅಂಗಡಿಯಲ್ಲಿ ಕೊಳ್ಳಬೇಡಿ.

ಸವಾರಿ ಹೇಗಿರುತ್ತದೆ ಅಂತ ಕೇಳುತ್ತೀರಿ. 350 ಹಾಕಿದರೆ ಮುಂದಿನ ಕುಲುಕು ನಿಮಿಷಕ್ಕೆ ಸುಮಾರು 77 ಸಲ. ಈಗಿನ 433ರಲ್ಲಿ 86. ಆ ಕತ್ತರಿಸಿದ 505ರಲ್ಲಿ 93. ಆರಾಮಾಗಿ ಓಡಾಡುವ ಗಾಡಿಗೆ 60ರಿಂದ 80ರ ನಡುವೆ ಇದ್ದರೆ ಚೆನ್ನ. ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಸ್ವಲ್ಪ ಬೇಗ ಕುಲುಕಬೇಕು, ಆಗ ಹಳ್ಳ ದಾಟಿದ ಮೇಲೆ ಗಾಡಿ ಕುದುರೆ ಥರ ಮುಂದೆ ಹಿಂದೆ ತೂಗುವುದಿಲ್ಲ. ಇದನ್ನು ಕಂಡುಕೊಂಡದ್ದು ಮಾರಿಸ್ ಆಲಿ. 1930ರ ದಶಕದಲ್ಲಿ ಇಲ್ಲೇ ಕ್ಯಾಡಿಲಾಕ್‌ನಲ್ಲಿದ್ದ ಎಂಜಿನಿಯರ್. 1934ರ ಕ್ಯಾಡಿಲಾಕ್‌ಗೆ ಮುಂದೆ ಎರಡೂ ಚಕ್ರ ಬೇರೆ ಬೇರೆ ಕುಣಿಯುವ ಕಾಯಿಲ್ ಸ್ಪ್ರಿಂಗ್ ಬಂತು. ಡ್ಯೂಸ್ ಅಜ್ಜನ ಫೋರ್ಡ್ ಅದಾದ ಮೇಲೂ 14 ವರ್ಷ ಆ ಒಂದೇ ಅಡ್ಡ ಪಟ್ಟಿ ಹೊತ್ತುಕೊಂಡು ಓಡಾಡಿತು.

ಡ್ಯೂಸ್ ಅಜ್ಜ
ಓಡಾಡಿತಲ್ಲ? ಇವತ್ತೂ ಓಡಾಡುತ್ತಿದೆ.

ಕುಡ್ಲ ಗ್ಯಾರೇಜ್
ನೋಡೋಕೆ ಇನ್ನೂ ಎರಡು ಇಂಚು ಕೆಳಗೆ ಬೇಕಿದ್ದರೆ? ಮೂತಿ ನೆಲ ಮೂಸುವ ಹಾಗೆ ಇದ್ದರೇ ಅಲ್ವಾ ರಾಡ್?

ಪಾನಾ ನಂಬರ್ 14
ಅದಕ್ಕೆ ಡ್ರಾಪ್ ಸ್ಪಿಂಡಲ್ ಇದೆ, 2 ಇಂಚಿನದು. ಚಕ್ರ ಕೂರುವ ಮೊಳೆಯನ್ನೇ ಮೇಲಕ್ಕೆ ಇಟ್ಟಿರುತ್ತಾರೆ. ಗಾಡಿ ಇಳಿಯುತ್ತದೆ, ಆರ್ಮ್ ಸಮನಾಗಿಯೇ ಇರುತ್ತದೆ, ಸ್ಪ್ರಿಂಗ್ ಮುಟ್ಟಬೇಕಿಲ್ಲ. ಸ್ಪ್ರಿಂಗ್‌ನಿಂದಲೇ ಎಲ್ಲ ಇಳಿಸಲು ಹೋದರೆ ಆರ್ಮ್ ಮೇಲಕ್ಕೆ ವಾಲಿ ಬಂಪ್ ಸ್ಟಾಪ್ (ಆರ್ಮ್ ಇನ್ನೂ ಮೇಲೇಳದಂತೆ ತಡೆಯುವ ರಬ್ಬರ್ ತುಂಡು) ಹತ್ತಿರ ಬರುತ್ತದೆ. ಸ್ಟೀರಿಂಗ್ ರಾಡೂ ವಾಲುತ್ತದೆ. ಆಮೇಲೆ ಹಳ್ಳ ಬಂದಾಗಲೆಲ್ಲ ಸ್ಟೀರಿಂಗ್ ತಾನೇ ಒಂದು ಕಡೆ ಎಳೆಯುತ್ತದೆ. ಆರ್ಮ್ ಸಮ ಇರಲಿ ಅಂತ ನಾವು ಬಾಯಿ ಬಡಿದುಕೊಳ್ಳುವುದು ಚಂದಕ್ಕಲ್ಲ.

ಹುಬ್ಬಳ್ಳಿ ವೆಲ್ಡರ್
ಸ್ಪ್ರಿಂಗ್ ಬಿಚ್ಚೋ ಮೊದಲು ನನ್ನ ಒಂದು ಮಾತು. ಮೇಲೆ 1,164 ಪೌಂಡ್ ಅಂತ ಬರೆದಿದ್ದಾರಲ್ಲ, ಕಿಲೋದಲ್ಲಿ 528. ಅರ್ಧ ಟನ್ ಅದರೊಳಗೆ ಮುದುರಿ ಕೂತಿದೆ. ನಾನು ಕಲಿಯುತ್ತಿದ್ದ ಶೆಡ್‌ನಲ್ಲಿ ಒಂದು ಸಲ ಜಾಕ್ ಜಾರಿತು. ಸ್ಪ್ರಿಂಗ್ ಹಾರಿ ಮೇಲಿನ ತಗಡಿಗೆ ಬಡಿದು, ವಾಪಸ್ ಬಂದು ನೀರಿನ ಕೊಡ ಒಡೆಯಿತು. ಆ ಕೊಡದ ಪಕ್ಕ ಒಂದು ನಿಮಿಷ ಮುಂಚೆ ನಾನು ಕೂತಿದ್ದೆ.

ಹಿಂಗ ಮಾಡ್ರಿ. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಶಾಕ್ ಅಬ್ಸಾರ್ಬರ್ ತೆಗೆಯಿರಿ. ಸ್ಪ್ರಿಂಗ್ ಸುತ್ತಿನೊಳಗೆ ಸರಪಳಿ ತೂರಿಸಿ ಚಾಸಿಗೆ ಕಟ್ಟಿ, ಸ್ವಲ್ಪ ಸಡಿಲ ಬಿಟ್ಟು. ಲೋಯರ್ ಆರ್ಮ್ ಕೆಳಗೆ ಜಾಕ್ ಕೊಟ್ಟು ಭಾರ ತಗೊಳ್ಳಿ. ಬಾಲ್ ಜಾಯಿಂಟ್ ನಟ್ ಪೂರ್ತಿ ಬಿಚ್ಚಬೇಡಿ, ಕೆಲವು ಥ್ರೆಡ್ ಉಳಿಸಿ, ಟೇಪರ್ (ಬಾಲ್ ಜಾಯಿಂಟ್‌ನ ಚೂಪು ಮೊಳೆ) ಬಿಟ್ಟುಕೊಂಡ ಮೇಲಷ್ಟೇ ನಟ್ ತೆಗೆಯಿರಿ. ಆಮೇಲೆ ಜಾಕ್ ನಿಧಾನಕ್ಕೆ, ಉಸಿರು ಬಿಟ್ಟಂಗ ಇಳಿಸಿ. ಎದುರು ಯಾರೂ ನಿಲ್ಲಬಾರದು. ಮಗಳನ್ನು ಆ ಹೊತ್ತು ಒಳಗೆ ಕಳಿಸಿ.

ಅಂಬಿ ಮೈಸೂರು
ಇದನ್ನೆಲ್ಲ ಓದಿ ನನಗೂ ಆಸೆ ಹುಟ್ಟಿತು. ಆದರೆ ಇಲ್ಲಿ ಆಗದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2021ರಲ್ಲಿ ವಿಂಟೇಜ್ ಗಾಡಿಗೆ ಬೇರೆ ನೋಂದಣಿ ಬಂತು, ಅದಕ್ಕೂ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಅಮೆರಿಕದಲ್ಲಿ 1948ರ ಒಳಗಿನ ಬಾಡಿ ತಗೊಂಡು ಒಳಗೆ ಬೇಕಾದ್ದು ತುಂಬಿ ಸ್ಟ್ರೀಟ್ ರಾಡ್ ಅನ್ನುತ್ತೀರಿ. ಇಲ್ಲಿ ಅದನ್ನೇ ಮಾಡಿದರೆ ಆರ್‌ಟಿಓ ಅಂಗಳದಲ್ಲಿ ನಿಲ್ಲಿಸಿಬಿಡುತ್ತಾರೆ. ನಾನು ಅಂಬಿಯ ಬುಷ್ ಬೋಲ್ಟ್ ನೋಡಿಕೊಳ್ಳುತ್ತೇನೆ, ಸಾಕು.

ಪಾನಾ ನಂಬರ್ 14
ಅದೂ ನೆಲದ ಮೇಲೆ ನಿಲ್ಲಿಸಿಯೇ ಬಿಗಿ ಮಾಡಿ ಅಂಬಿ. ನಿಯಮ ಒಂದೇ.

ತೇರಿನ ಮನೆ
ಮೂರು ವಾರ ಕಾಣಿಸಲಿಲ್ಲ ಅಂತ ಬೈದುಕೊಂಡಿರುತ್ತೀರಿ. ಕೆಲಸ ಮುಗಿಸಿಯೇ ಬರೆಯೋಣ ಅಂತ.

350ರ ಜೋಡಿ ತರಿಸಿದೆ. ಹಳೆಯದನ್ನು ವೆಲ್ಡರ್ ಅಣ್ಣ ಹೇಳಿದ ಹಾಗೆ ಸರಪಳಿ ಕಟ್ಟಿ ಬಿಚ್ಚಿದೆ. ಎಡಗಡೆಯದು ಒಂದು ಗಂಟೆ ಹಿಡಿಯಿತು, ಬಲಗಡೆ ಇಪ್ಪತ್ತು ನಿಮಿಷ. ಹೊಸದನ್ನು ಹಳೆಯದರ ಪಕ್ಕ ಬೆಂಚಿನ ಮೇಲೆ ನಿಲ್ಲಿಸಿ ಮೇಲೊಂದು ಮಟ್ಟಗೋಲು ಇಟ್ಟೆ. ಹೊಸದು ಕಾಲು ಇಂಚು ಉದ್ದ. ಎದೆ ಒಡೆಯಿತು. ಕುಲುಕಾಟ ಅವರಿಗೆ ಮಧ್ಯರಾತ್ರಿ ಮೆಸೇಜ್ ಹಾಕಿದೆ.

ಅವರು ಹೇಳಿದ್ದು: ‘ಹಳೆಯದು ಮೂರು ವರ್ಷದಿಂದ ಭಾರದ ಕೆಳಗೆ ಕೂತಿದೆ, ಒಂಚೂರು ಕುಗ್ಗಿರಬಹುದು. ಹೊಸದೂ ಓಡಾಡಿದ ಮೇಲೆ ಕೂರುತ್ತದೆ. ಹಾಕಿ, ಓಡಿಸಿ, ಅಳೆಯಿರಿ. ಗ್ರೈಂಡರ್ ಮುಟ್ಟಬೇಡಿ.’

ಹಾಕಿದೆ. ಬೋಲ್ಟ್ ಎಲ್ಲ ಸಡಿಲ ಬಿಟ್ಟು ಇಳಿಸಿದೆ, ಕುಲುಕಿದೆ, ಆಮೇಲೆ ಬಿಗಿ ಮಾಡಿದೆ. ಮೊದಲನೇ ದಿನ ಬಾಲ್ ಜಾಯಿಂಟ್ ಕಾಲು ಇಂಚು ಕೆಳಗಿತ್ತು. ಅಲೈನ್‌ಮೆಂಟ್ ಮಾಡಿಸಿ, ಚಳಿಗಾಲ ಕೊರೆದಿಟ್ಟ ನಮ್ಮ ರಸ್ತೆಯಲ್ಲಿ 200 ಮೈಲಿ ಓಡಿಸಿದ ಮೇಲೆ ಅಳೆದರೆ ಎಡಗಡೆ ಸಮ. ಬಲಗಡೆ ಒಂದು ಇಂಚಿನ ಹದಿನಾರನೇ ಒಂದು ಭಾಗ ಎತ್ತರ. ನಾನು ಕೂತರೆ ಎಡಕ್ಕೆ ಭಾರ ಅಂತ ಅಂದುಕೊಂಡು ಬಿಟ್ಟುಬಿಟ್ಟಿದ್ದೇನೆ. ಬುಷ್ ಬೋಲ್ಟ್ ಇನ್ನೊಂದು ಸಲ ಸಡಿಲಿಸಿ ಬಿಗಿ ಮಾಡಿದೆ, ಪಾನಾ ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಸವಾರಿ? ರೈಲ್ವೆ ಹಳಿ ದಾಟಿದೆ. ಮೊದಲಾಗಿದ್ದರೆ ಹಲ್ಲು ಕಟಕಟ. ಈಗ ‘ಧುಮ್, ಧುಮ್’ ಅಂತ ಎರಡು ಸಲ, ಮುಗಿಯಿತು. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಡ್ರೀಮ್ ಕ್ರೂಸ್ ಇದೆ. 1995ರಿಂದ ನಡೆಯುತ್ತಿದೆ, ಇಷ್ಟು ವರ್ಷ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಈ ಸಲ ತೇರು ಹೊರಡುತ್ತದೆ.

ಡ್ಯೂಸ್ ಅಜ್ಜ
ಬರುತ್ತೇನೆ, ನನ್ನ ಅಡ್ಡ ಪಟ್ಟಿಯ ಗಾಡಿಯಲ್ಲೇ. ಯಾರು ಜಾಸ್ತಿ ಕುಲುಕುತ್ತಾರೆ ನೋಡೋಣ.

ಅಂದಹಾಗೆ ಆ ಹಳೇ 433ರ ಜೋಡಿ ಏನು ಮಾಡಿದಿರಿ? ಇಲ್ಲೊಬ್ಬ ಗೆಳೆಯ ಬಿಗ್ ಬ್ಲಾಕ್ ಇಟ್ಟುಕೊಂಡು ಇದನ್ನೇ ಹುಡುಕುತ್ತಿದ್ದಾನೆ.

ತೇರಿನ ಮನೆ
ಬೆಂಚಿನ ಕೆಳಗಿದೆ, ಬಂದಾಗ ಒಯ್ಯಿರಿ. ಒಂದರಲ್ಲಿ ಬಣ್ಣ ಕೆರೆದಿದೆ, ಅಲ್ಲಿ ಮಾರ್ಕರ್‌ನಲ್ಲಿ 0.640 ಅಂತ ಬರೆದಿದ್ದೇನೆ. ಅದರ ಮೇಲೆ ಬಣ್ಣ ಬಳಿಯಬೇಡ ಅಂತ ಹೇಳಿ.